ಸರ್ವರ್ ರೂಮಿನ ಎಸಿ ಬಂದ್ ಮಾಡಿದ ಬೇಸಿಗೆ

ಹೋದ ತಿಂಗಳು ನಿಪ್ಪಾಣಿಯ ನಮ್ಮ ಕಾಲೇಜಿಗೆ ಎಸಿ ರಿಪೇರಿಯವನು ಬಂದಿದ್ದ. ಕೆಲಸ ಮುಗಿಯುವವರೆಗೆ ಕಂಪ್ಯೂಟರ್ ವಿಭಾಗದ ಎಸಿ ಬಂದ್ ಇರುತ್ತದೆಂದು ಹೇಳಿ ಮಾಳಿಗೆ ಹತ್ತಿದ. ಸ್ವಲ್ಪ ಹೊತ್ತಿಗೆ ಸರ್ವರ್ ಇಟ್ಟ ಕಪಾಟಿನ ಹಿಂದಿನಿಂದ ಒಂದು ವಾಸನೆ ಎದ್ದಿತು. ಕಾದ ಧೂಳು ಮತ್ತು ಬಿಸಿಯಾದ ವೈರಿನ ಪ್ಲಾಸ್ಟಿಕ್ಕು ಕೂಡಿದ ಒಣ ವಾಸನೆ. ಬರೆಯುತ್ತಿದ್ದುದನ್ನು ಬಿಟ್ಟು ಎದ್ದು ನಿಂತೆ. ಪಕ್ಕದ ಮೇಜಿನವರು, "ಯಾಕ್ರಿ ಮೇಡಂ, ಏನಾತು?" ಎಂದರು. ಏನೂ ಆಗಿರಲಿಲ್ಲ. ಆದರೆ ನನ್ನ ಕೈ ಆಗಲೇ ಕಪಾಟಿನ ಬಾಗಿಲು ತೆರೆಯುತ್ತಿತ್ತು.

ಆ ವಾಸನೆ ನನಗೆ ಒಂದೇ ಒಂದು ಬೇಸಿಗೆಯದು. ಕೃಷ್ಣೆ ಪೂರ್ತಿ ಬತ್ತಿದ ಬೇಸಿಗೆ, ಎರಡು ಸಾವಿರದ ಹದಿನಾರು.

ಆಗ ನಾನು ಅಥಣಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೆ. ನಮ್ಮ ಊರು ಚಿಕ್ಕೋಡಿ ತಾಲೂಕಿನ ಕರೋಶಿ. ಅಪ್ಪ ಇರಲಿಲ್ಲ. ಆಯಿ ಎಂದರೆ ನಮ್ಮವ್ವ, ನಾನು, ನನ್ನ ಅಣ್ಣ ಮಿಲಿಂದ. ಅವನನ್ನು ನಾನು ದಾದಾ ಎನ್ನುತ್ತಿದ್ದೆ. ದಾದಾ ಬಸ್ ಕಂಡಕ್ಟರ್. ನಾನು ಡಿಪ್ಲೊಮಾ ಮುಗಿಸಿ ಸರ್ವರ್ ಕೆಲಸ ಕಲಿಯಬೇಕು ಎಂದಾಗ ಓಣಿಯವರೆಲ್ಲ ನಕ್ಕರೂ ಅವನೊಬ್ಬ, "ಏನರ ಕಲಿ, ಖರೇ ಅರ್ಧಕ್ಕ ಬಿಡಬ್ಯಾಡ" ಎಂದಿದ್ದ. ನನಗೆ ನೌಕರಿ ಸಿಕ್ಕ ಮರುವರ್ಷವೇ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದರು. ತಂಗಿ ಕೆಲಸ ಮಾಡುವ ಆಸ್ಪತ್ರೆಯೇ ಇರಲಿ ಎಂದು ಅವನು ಮಂಗಳವಾರ, ಶುಕ್ರವಾರ ನಸುಕಿನ ಬಸ್ಸು ಹಿಡಿದು ಚಿಕ್ಕೋಡಿ, ರಾಯಬಾಗ ದಾಟಿ ಅಥಣಿಗೆ ಬರುತ್ತಿದ್ದ.

ಆಸ್ಪತ್ರೆಯಲ್ಲಿ ಮೊದಲು ಒಂದೊಂದು ವಿಭಾಗಕ್ಕೆ ಒಂದೊಂದು ಸರ್ವರ್ ಇತ್ತಂತೆ. ನಾನು ಸೇರುವ ಮುಂಚೆಯೇ ಅವನ್ನೆಲ್ಲ ತೆಗೆದು ಒಂದು ದೊಡ್ಡ ಯಂತ್ರದೊಳಗೆ ಸೇರಿಸಿದ್ದರು. ಕಬ್ಬಿಣದ ಪೆಟ್ಟಿಗೆ ಒಂದೇ. ಅದರೊಳಗೆ ಎಂಟು ಸರ್ವರ್‌ಗಳು, ಒಂದು ಚಾಳದಲ್ಲಿ ಎಂಟು ಬಿಡಾರ ಇದ್ದ ಹಾಗೆ. ರಕ್ತನಿಧಿಯದೊಂದು, ಲ್ಯಾಬಿನದೊಂದು, ರೋಗಿಗಳ ದಾಖಲೆಯದೊಂದು, ಔಷಧ ಅಂಗಡಿಯದು, ಬಿಲ್ಲಿಂಗಿನದು, ಎಕ್ಸ್‌ರೇ ಚಿತ್ರಗಳದು, ಹಾಜರಿಯದು, ಮತ್ತೆ ಯಾರು ಯಾವ ಹೆಸರಿನಲ್ಲಿ ಒಳಗೆ ಬರಬಹುದು ಎಂದು ನೋಡುವ ಲಾಗಿನ್ ಸರ್ವರ್. ಪ್ರತಿಯೊಂದೂ ತನ್ನದೇ ಸ್ವಂತ ಯಂತ್ರವೆಂದು ತಿಳಿದು ನಡೆಯುತ್ತದೆ. ಇವನ್ನೇ ವರ್ಚುವಲ್ ಮಷಿನ್ ಎನ್ನುವುದು. ಎಲ್ಲದರ ಮಾಹಿತಿ ಪಕ್ಕದ ಡಿಸ್ಕ್ ಪೆಟ್ಟಿಗೆಯಲ್ಲಿ ಕೂಡಿರುತ್ತಿತ್ತು. ದೊಡ್ಡ ಯಂತ್ರ ಎರಡಿರಬೇಕು. ಒಂದು ಕೆಟ್ಟರೆ ಇನ್ನೊಂದು ಭಾರ ಹೊರುತ್ತದೆ. ನಮ್ಮಲ್ಲಿ ಎರಡನೆಯದು ಹಿಂದಿನ ದೀಪಾವಳಿಗೇ ಸುಟ್ಟಿತ್ತು. ಹೊಸದು ತರಿಸೋಣ ಎಂಬ ಮಾತು ಒಂದು ಮೀಟಿಂಗಿನಿಂದ ಇನ್ನೊಂದು ಮೀಟಿಂಗಿಗೆ ಹೋಗುತ್ತಲೇ ಇತ್ತು.

ಆ ವರ್ಷ ಹೋಳಿ ಮುಗಿಯುವುದರೊಳಗೆ ಹೊಳೆ ಬತ್ತಿತು. ಹೊಳೆ ದಂಡೆಯ ಸತ್ತಿ ಊರಿನವರು ಆಸ್ಪತ್ರೆಗೆ ಬಂದಾಗ, ಈಗ ಹೊಳಿಯಾಗ ಬೈಕ್ ಹೊಡಕೊಂಡು ಆ ದಂಡಿಗೆ ಹೋಗ್ತೀವ್ರಿ ಎಂದು ಹೇಳುತ್ತಿದ್ದರು. ದಂಡೆಯ ಕಬ್ಬು ನಿಂತಲ್ಲೇ ಬಿಳಿಚಿತು. ಊರಿಗೆ ನಳದ ನೀರು ಯಾವಾಗಲೋ ಒಮ್ಮೆ. ಆಸ್ಪತ್ರೆಯ ಬೋರು ಕೆಸರು ಉಗುಳಿ ನಿಂತಿತು. ಟ್ಯಾಂಕರ್ ಬಂತೆಂದರೆ ವಾರ್ಡಿನ ಕೆಲಸದ ಬಾಯಿಗಳು, ರೋಗಿಗಳ ಕಡೆಯವರು, ಕೊಡ ಹಿಡಿದ ಎದುರಿನ ಓಣಿಯ ಹೆಂಗಸರು ಎಲ್ಲ ಒಟ್ಟಿಗೆ ಗೇಟಿಗೆ ಓಡುತ್ತಿದ್ದರು. ಕರೆಂಟು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು.

ಡಯಾಲಿಸಿಸ್ ಎಂದರೆ ನೀರು. ಒಬ್ಬರ ರಕ್ತ ತೊಳೆಯಲು ಕೊಡಗಟ್ಟಲೆ ಶುದ್ಧ ನೀರು ಬೇಕು. ಟ್ಯಾಂಕರಿನ ಸವುಳು ನೀರನ್ನು ಶುದ್ಧ ಮಾಡುವ ಆರ್.ಓ. ಘಟಕಕ್ಕೆ ದೊಡ್ಡ ಮೋಟಾರು. ಆಸ್ಪತ್ರೆಯ ದೊಡ್ಡ ಜನರೇಟರ್ ಕೆಟ್ಟು ಮೀರಜಿಗೆ ರಿಪೇರಿಗೆ ಹೋಗಿತ್ತು. ಇದ್ದದ್ದು ಹಳೆಯ ಸಣ್ಣ ಜನರೇಟರ್. ಒಂದು ದಿನ ನಮ್ಮ ಇಲೆಕ್ಟ್ರಿಶಿಯನ್ ಬಶೀರ್ ಮಾಮಾ ಸರ್ವರ್ ರೂಮಿನ ಬಾಗಿಲಲ್ಲಿ ನಿಂತರು.

"ಸುಜಾತಾ ಮೇಡಂ, ನಿಮ್ಮ ಎಸಿ ಮತ್ತ ಆರ್.ಓ. ಮೋಟಾರ್ ಎರಡೂ ಕೂಡಿದ್ರ ಜನರೇಟರ್ ಟ್ರಿಪ್ ಆಗಾಕತ್ತೈತ್ರಿ. ಮುಂಜಾನಿಂದ ನಾಕ ಸಲ ಆತು. ಎರಡ್ರಾಗ ಒಂದ ನಡೀತೈತಿ."

ಹೊರಗೆ ಕಾರಿಡಾರಿನಲ್ಲಿ ಕಿಡ್ನಿ ವಿಭಾಗದ ಡಾಕ್ಟರ್ ಮಂಗಲಾ ಮೇಡಂ, ಟ್ರಸ್ಟಿನ ಕಾರ್ಯದರ್ಶಿ ಸಾಹೇಬರ ಜೊತೆ ನಿಂತು ಮಾತಾಡುತ್ತಿದ್ದರು. ಸಾಹೇಬರು ದ್ರಾಕ್ಷಿ ತೋಟದ ದೊಡ್ಡ ಮನೆತನದವರು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಇನ್ನೂ ಕಡಿಮೆ.

"ನೀರಿಲ್ಲಂತ ನಾಕ ತಾಸಿಂದು ಮೂರ ತಾಸಿಗೆ ತಂದೀನ್ರಿ," ಎನ್ನುತ್ತಿದ್ದರು ಮಂಗಲಾ ಮೇಡಂ. "ನಡುವ ನಡುವ ಮೋಟಾರ್ ನಿಂತ್ರ ಹ್ಯಾಂಗ? ಇನ್ನೂ ಕಡಿಮಿ ಮಾಡಿದ್ರ ಇವ್ರು ಉಳಿಯಂಗಿಲ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಎಸಿ ಇಲ್ದಿದ್ರ ಸರ್ವರಿಗೆ ಏನಾಕ್ಕೈತಿ?"

"ಕಾಯ್ತೈತ್ರಿ ಸರ್. ಭಾಳ ಕಾದ್ರ ತಾನ ಬಂದ್ ಬೀಳ್ತೈತಿ. ಡಿಸ್ಕಿಗೂ ಪೆಟ್ಟು."

"ಹಂಗಾರ?"

"ಕರೆಂಟ್ ಹೋದಾಗ ಎಸಿ ಬಂದ್ ಮಾಡ್ತೀನ್ರಿ. ಬೇಕಾದ ಮಷಿನ್ ಅಷ್ಟ ಚಾಲೂ ಇಟ್ಟು ಉಳದಿದ್ದು ನಿಲ್ಲಸ್ತೀನಿ. ಕೆಲಸ ಕಡಿಮಿ ಆದ್ರ ಕಾವೂ ಕಡಿಮಿ."

"ನೋಡ್ಕೊಂಡ ಮಾಡ್ರಿ," ಎಂದು ಸಾಹೇಬರು ನಡೆದುಬಿಟ್ಟರು.

ಅಂದಿನಿಂದ ನನ್ನ ಮಧ್ಯಾಹ್ನಗಳು ಒಂದೇ ತರಹ. ಕರೆಂಟು ಹೋದ ಕೂಡಲೇ ಹಾಜರಿ ನಿಲ್ಲಿಸು, ಬಿಲ್ಲಿಂಗ್ ನಿಲ್ಲಿಸು, ಎಕ್ಸ್‌ರೇ ನಿಲ್ಲಿಸು. ನಿಲ್ಲಿಸುವುದೆಂದರೆ ಸ್ವಿಚ್ ಒತ್ತುವುದಲ್ಲ. ಒಳಗಿನ ಕೆಲಸವನ್ನು ಒಂದೊಂದಾಗಿ ಮುಗಿಸಲು ಬಿಟ್ಟು, ಪೂರ್ತಿ ಶಾಂತವಾದ ಮೇಲೆ ಆರಿಸಬೇಕು. ಅವಸರ ಮಾಡಿದರೆ ಏಳುವಾಗ ಎಡವುತ್ತವೆ. ರಕ್ತನಿಧಿ, ಲ್ಯಾಬು, ದಾಖಲೆ, ಔಷಧ, ಲಾಗಿನ್ ಇವು ಮಾತ್ರ ಉರಿಯುತ್ತಿರುತ್ತಿದ್ದವು. ಬಿಲ್ಲಿಂಗ್ ಕೌಂಟರಿನಲ್ಲಿ ಗದ್ದಲವೋ ಗದ್ದಲ. ಕಪಾಟಿನ ಬಾಗಿಲು ಕಿತ್ತು, ಕಿಟಕಿ ತೆರೆದು, ಟೇಬಲ್ ಫ್ಯಾನ್ ಹಚ್ಚುತ್ತಿದ್ದೆ. ಕಿಟಕಿಯಿಂದ ಬರುತ್ತಿದ್ದದ್ದು ಒಲೆಯ ಬಾಯಿಯ ಗಾಳಿ. ಪರದೆಯ ಮೇಲೆ ಉಷ್ಣತೆಯ ಅಂಕಿ ಏರುವುದನ್ನು ನೋಡುತ್ತ, ಇವತ್ತು ಬೀಳುತ್ತದೆ, ಈಗ ಬೀಳುತ್ತದೆ ಎಂದು ಕುಳಿತಿರುತ್ತಿದ್ದೆ. ಕರೆಂಟು ಬಂದು ಎಸಿ ಗುಂಯ್ ಎಂದಾಗ ಅಳು ಬರುತ್ತಿತ್ತು.

ಡಯಾಲಿಸಿಸ್ ಮುಗಿದ ಮೇಲೆ ದಾದಾ ಬಸ್ಸಿನ ಹೊತ್ತಿನವರೆಗೆ ನನ್ನ ಹತ್ತಿರವೇ ಕೂರುತ್ತಿದ್ದ. ಅವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟಿ ಹಾಕಿದ್ದರು, ಚಹಾ ಸಾರು ಎಲ್ಲ ಸೇರಿ ಎರಡು ಲೋಟದಷ್ಟು. ಕುಡಿದದ್ದು ಮೂತ್ರವಾಗಿ ಹೋಗುವುದಿಲ್ಲ. ಕಾಲಲ್ಲಿ, ಪುಪ್ಪುಸದಲ್ಲಿ ನಿಲ್ಲುತ್ತದೆ. ಅಂಥ ಬಿಸಿಲಲ್ಲಿ ಒಣಗಿದ ತುಟಿಯನ್ನು ನಾಲಗೆಯಿಂದ ಸವರುತ್ತ ನಗುತ್ತಿದ್ದ.

"ಊರ ಮಂದಿಗೆಲ್ಲ ಕುಡ್ಯಾಕ ನೀರಿಲ್ಲ. ನನಗ ನೀರಿದ್ರೂ ಕುಡ್ಯಾಕಿಲ್ಲ. ನಾ ಒಬ್ಬಾಂವ ಬರಗಾಲಕ್ಕ ಹೆದರಂಗಿಲ್ಲ ನೋಡ, ಸುಜಿ."

ನಗು ಬರುತ್ತಿರಲಿಲ್ಲ ನನಗೆ. ಅವನ ಮುಖ ವಾರದಿಂದ ವಾರಕ್ಕೆ ಊದುತ್ತಿತ್ತು.

ಬಿಸಿಲು ಅತಿ ಹೆಚ್ಚಿದ ವಾರದಲ್ಲಿ, ಒಂದು ಶುಕ್ರವಾರ, ಡಿಸ್ಕ್ ಪೆಟ್ಟಿಗೆಯ ಹಸಿರು ದೀಪಗಳ ಸಾಲಿನಲ್ಲಿ ಒಂದು ಕೇಸರಿಗೆ ತಿರುಗಿತು. ಒಂದು ಡಿಸ್ಕ್ ಸತ್ತಿತ್ತು. ಒಂದು ಸತ್ತರೆ ಉಳಿದವು ಅದರ ಪಾಲನ್ನೂ ತಾವೇ ಲೆಕ್ಕ ಹಾಕಿ ಕೊಡುತ್ತವೆ. ಎರಡನೆಯದೂ ಸತ್ತರೆ ಎಲ್ಲವೂ ಹೋದಂತೆ. ಬೆಳಗಾವಿಯ ಸಪ್ಲಾಯರ್‌ಗೆ ಫೋನು ಮಾಡಿದೆ.

"ಆ ಮಾಡೆಲ್ ಡಿಸ್ಕ್ ಸ್ಟಾಕ್ ಇಲ್ರಿ ಮೇಡಂ. ಪುಣೆದಿಂದ ಬರಬೇಕು. ಸೋಮವಾರ, ಮಂಗಳವಾರ ನೋಡೂಣು."

"ಅಲ್ಲೀತನ ಇದು ಉಳಿಯಂಗಿಲ್ರಿ."

"ನಾವೇನ ಮಾಡೂಣ್ರಿ ಮೇಡಂ," ಎಂದ ಅತ್ತಲಿನವ. ನಿಜವೇ, ಅವನೇನು ಮಾಡುತ್ತಾನೆ.

ಉಳಿದಿದ್ದ ದಾರಿ ಒಂದೇ. ದೊಡ್ಡ ಯಂತ್ರದ ಹೊಟ್ಟೆಯಲ್ಲೇ ಅದರದೇ ಆದ ಸಣ್ಣ ಡಿಸ್ಕ್ ಇರುತ್ತದೆ. ಸಾಯುತ್ತಿರುವ ಪೆಟ್ಟಿಗೆಯಿಂದ ಒಂದೊಂದೇ ಮಷಿನನ್ನು ಎತ್ತಿ ಅಲ್ಲಿಗೆ ಒಯ್ಯಬೇಕು. ಚಾಲೂ ಇದ್ದಂತೆಯೇ ಒಯ್ಯುವ ಸೌಲಭ್ಯ ನಮ್ಮ ಅಗ್ಗದ ಲೈಸೆನ್ಸಿನಲ್ಲಿ ಇರಲಿಲ್ಲ; ನಿಲ್ಲಿಸಿಯೇ ಒಯ್ಯಬೇಕು. ಎಂಟಕ್ಕೂ ಜಾಗವೂ ಇಲ್ಲ. ಎಕ್ಸ್‌ರೇ ಚಿತ್ರಗಳದು ಉಳಿದ ಏಳೂ ಕೂಡಿದ್ದಕ್ಕಿಂತ ದೊಡ್ಡದು. ಅದರ ಬ್ಯಾಕಪ್ಪಿಗೆ ಬೇರೆ ಪೆಟ್ಟಿಗೆ ಬೇಕೆಂದು ನಾನು ಎಷ್ಟು ಸಲ ಕೇಳಿದ್ದೆನೋ. ಈಗ ಅದನ್ನು ಅಲ್ಲಿಯೇ ಬಿಡುವುದೆಂದು ನಿರ್ಧರಿಸಿದೆ.

ಮೊದಲು ಲಾಗಿನ್ ಸರ್ವರನ್ನು ಎತ್ತಿದೆ. ಅದಿಲ್ಲದಿದ್ದರೆ ಉಳಿದವು ಇದ್ದೂ ಇಲ್ಲದಂತೆ. ಯಾರನ್ನೂ ಒಳಗೆ ಬಿಡುವುದಿಲ್ಲ. ಆಮೇಲೆ ರಕ್ತನಿಧಿ. ಆಮೇಲೆ ಲ್ಯಾಬು. ಆ ಹೊತ್ತಿಗೆ ಕರೆಂಟು ಹೋಯಿತು. ಎಸಿ ಬಂದ್ ಮಾಡಿದೆ. ಕೆಳಗೆ ಹನ್ನೊಂದು ಕುರ್ಚಿಗಳಲ್ಲಿ ಹನ್ನೊಂದು ಜನರ ರಕ್ತ ಹೊರಬಂದು ತಿರುಗಿ ಒಳಹೋಗುತ್ತಿತ್ತು, ಅವರಲ್ಲೊಬ್ಬ ದಾದಾ. ಬಶೀರ್ ಮಾಮಾ ಎಲ್ಲಿಂದಲೋ ಗೋಣಿಯಲ್ಲಿ ಸುತ್ತಿದ ಬರ್ಫದ ಕಲ್ಲು ಹೊತ್ತು ತಂದು ಪರಾತದಲ್ಲಿಟ್ಟು, ಅದರ ಹಿಂದೆ ಫ್ಯಾನ್ ಹಚ್ಚಿದರು. ಕರಗಿದ ನೀರನ್ನು ವಾರ್ಡಿನ ಬಾಯಿ ನೆಲ ಒರೆಸಲು ಬಕೀಟಿನಲ್ಲಿ ಒಯ್ಯುತ್ತಿದ್ದಳು.

ಡಯಾಲಿಸಿಸ್ ಮುಗಿಸಿ ಬಂದ ದಾದಾ ಬರ್ಫದ ಎದುರು ಕುಕ್ಕರುಗಾಲಿನಲ್ಲಿ ಕೂತ. ಅದನ್ನೇ ನೋಡಿದ.

"ಒಂದ ಚೂರು ಬಾಯಾಗ ಹಾಕ್ಕೋಲ್ಯಾ?"

"ಬ್ಯಾಡ ದಾದಾ. ಯಾವ ನೀರಿಂದೋ ಏನೋ."

ಅವನು ಕೈಯನ್ನು ಬರ್ಫದ ಮೇಲಿಟ್ಟು, ಆ ತಣ್ಣನೆಯ ಅಂಗೈಯಿಂದ ತುಟಿ ಒರೆಸಿಕೊಂಡ. ನಾನು ಪರದೆಯ ಕಡೆ ತಿರುಗಿದೆ. ರೋಗಿಗಳ ದಾಖಲೆಯ ಮಷಿನ್ ಅರ್ಧ ದಾಟಿತ್ತು. ಅದು ದಾಟಿದರೆ ಔಷಧ, ಆಮೇಲೆ ಬಿಲ್ಲಿಂಗ್. ಬರ್ಫ ಅರ್ಧ ಕರಗಿತ್ತು. ಆಗ ಎರಡನೆಯ ದೀಪ ಕೇಸರಿಯಾಯಿತು.

ಪರದೆಯ ಮೇಲೆ, ಎಷ್ಟು ದಾಟಿತೆಂದು ತೋರಿಸುತ್ತಿದ್ದ ಗೆರೆ ನಿಂತಿತು. ನಾನು ಕೂತೇ ಇದ್ದೆ. ಏನೂ ಮಾಡಲು ಉಳಿದಿಲ್ಲ ಎಂದು ತಿಳಿದಿದ್ದರೂ ಬೆರಳು ಕೀಲಿಗಳನ್ನು ಒತ್ತುತ್ತಲೇ ಇದ್ದವು. ದಾದಾ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. "ಹೋತೇನ?" ಎಂದ. ಹೌದೆಂದೆ.

ಮೂರು ಉಳಿದವು, ಐದು ಹೋದವು. ಆ ಐದರಲ್ಲಿ ನಾಲ್ಕಕ್ಕೆ ಕಳೆದ ಭಾನುವಾರದ ಬ್ಯಾಕಪ್ ಇತ್ತು. ಎಕ್ಸ್‌ರೇ ಚಿತ್ರಗಳಿಗೆ ಏನೂ ಇರಲಿಲ್ಲ. ಮುರಿದ ಎಲುಬು, ಕೆಮ್ಮಿನ ಎದೆ, ಕೂಸುಗಳ ಸೊಟ್ಟ ಕಾಲು, ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಒಂದು ಬಿಸಿಲು ಹೊತ್ತಿನಲ್ಲಿ ಹೋಗಿತ್ತು.

ಸಂಜೆ ಕಾರ್ಯದರ್ಶಿ ಸಾಹೇಬರ ಕೋಣೆಗೆ ಕರೆದರು. ವಿಭಾಗಗಳ ಮುಖ್ಯಸ್ಥರೆಲ್ಲ ಇದ್ದರು. ಬಾಗಿಲು ತೆರೆದೇ ಇತ್ತು.

"ಎಸಿ ಬಂದ್ ಮಾಡಾಕ ಯಾರ ಹೇಳಿದ್ರು ನಿಮಗ?" ಎಂದರು ಸಾಹೇಬರು.

"ಸರ್, ನಿಮಗ ಕೇಳೇ..."

"ನಾ ನೋಡ್ಕೊಂಡ ಮಾಡ್ರಿ ಅಂದಿದ್ದೆ. ಇದೇನ ನೋಡ್ಕೊಂಡಿದ್ದು? ನಿಮ್ಮಣ್ಣನ ಸಲುವಾಗಿ ಇಡೀ ಆಸ್ಪತ್ರಿ ಸುಟ್ರಿ. ಇದಕ್ಕ ನಿಮ್ಮ ಮಂದೀನ್ನ ಇಂಥಾ ಜಾಗಾದಾಗ ಕೂಡಸಬಾರ್ದು ಅನ್ನೂದು."

ನಿಮ್ಮ ಮಂದಿ ಎಂದರೆ ಯಾವ ಜಾತಿಯವರು ಎಂದು ಅವರು ಬಿಡಿಸಿ ಹೇಳಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಎಲ್ಲರೂ ನೆಲ ನೋಡಿದರು. ಮಂಗಲಾ ಮೇಡಂ ಒಬ್ಬರು, "ಸಾಹೇಬ್ರ, ಹನ್ನೊಂದ ಮಂದಿ ಇದ್ರು ಅಲ್ಲಿ," ಎಂದರು. ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಇನ್ನು ಮುಂದೆ ಸರ್ವರ್ ರೂಮಿನ ಎಸಿ ಯಾವ ಕಾರಣಕ್ಕೂ ಬಂದ್ ಆಗಕೂಡದು ಎಂದು ಬಶೀರ್ ಮಾಮಾಗೆ ಆರ್ಡರ್ ಆಯಿತು. ಹೊರಬಂದಾಗ, ನನಗಾಗಿ ಕಾಯುತ್ತ ಕೂತಿದ್ದ ಬೆಂಚಿನ ಮೇಲೆ ದಾದಾ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೋಗಿರಬೇಕು ಎಂದುಕೊಂಡೆ.

ಆಮೇಲಿನ ದಿನಗಳು ಒಂದರೊಳಗೊಂದು ಸೇರಿಹೋಗಿವೆ. ಯಂತ್ರದ ಒಳಡಿಸ್ಕಿನಲ್ಲಿ ಬ್ಯಾಕಪ್ಪಿನಿಂದ ಒಂದೊಂದೇ ಮಷಿನನ್ನು ಮತ್ತೆ ಕಟ್ಟಬೇಕಿತ್ತು. ದಾಖಲೆಯ ಮಷಿನ್ ಅರ್ಧಕ್ಕೆ ಎದ್ದು ಬೀಳುತ್ತಿತ್ತು, ಮತ್ತೆ ಮೊದಲಿನಿಂದ. ವಾರ್ಡಿನ ನರ್ಸುಗಳು ಭಾನುವಾರದಿಂದೀಚಿನ ಕೇಸ್ ಪೇಪರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಸತ್ತಿಯ ಒಬ್ಬ ಮುದುಕ ಕಾಲಿನ ಹಳೆಯ ಎಕ್ಸ್‌ರೇ ಫೋಟೋ ಬೇಕೆಂದು ಬಂದ. ಇಲ್ಲ ಎಂದೆ. "ಹೋದ ವರ್ಷ ನೀವ ತಗದೀರಲ್ರಿ ಯವ್ವಾ, ಎಲ್ಲಿ ಹೋಗ್ತೈತಿ?" ಎಂದು ಅವನು ಮತ್ತೆ ಮತ್ತೆ ಕೇಳಿದ. ಪಾಪ, ಅವನಿಗೆ ಏನೆಂದು ಹೇಳಲಿ. ರೂಮಿನಲ್ಲಿ ಎಸಿ ಹಗಲೂ ರಾತ್ರಿ ನಡೆಯುತ್ತಿತ್ತು. ಕೆಳಗೆ ಕರೆಂಟು ಹೋದಾಗಲೆಲ್ಲ ಆರ್.ಓ. ಮೋಟಾರು ನಿಲ್ಲುತ್ತಿತ್ತು. ಮೂರು ತಾಸಿನದು ಎರಡು ತಾಸಾಯಿತು. ನಾನು ಹಲ್ಲು ಕಚ್ಚಿ ಕೆಲಸ ಮಾಡಿದೆ. ಮುಗಿದರೆ ಹೋಗಿ ಜಗಳ ಮಾಡಬಹುದು, ಮೊದಲು ಮುಗಿಯಲಿ ಎಂದು.

ಮುಂದಿನ ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್ ಸಿಸ್ಟರ್ ಬಂದು ಹೇಳಿದಳು. "ನಿಮ್ಮ ದಾದಾ ಇವತ್ತೂ ಬಂದಿಲ್ರಿ. ಮಂಗಳವಾರದ ಪಾಳಿನೂ ತಪ್ಪೈತಿ."

ಮಂಗಳವಾರ ಯಾವಾಗ ಬಂದು ಹೋಯಿತೋ ನನಗೆ ಗೊತ್ತೇ ಇರಲಿಲ್ಲ. ಫೋನು ಹಚ್ಚಿದೆ. ದಾದಾ ಎತ್ತಿದ, ಒಂದೊಂದು ಮಾತಿಗೆ ಒಂದೊಂದು ಉಸಿರು. "ನಾ ಇನ್ನ ಮೀರಜಿಗೆ ಹೊಂಟೇನಿ ಸುಜಿ. ಅಲ್ಲಿ ಆಸ್ಪತ್ರಿ ಚಲೋ ಐತಂತ." ಫೋನು ಕೈ ಬದಲಾಯಿಸಿತು. ಆಯಿಯ ದನಿ ಪಿಸುಮಾತಿನಷ್ಟು: "ಎಲ್ಲೀ ಮೀರಜ ಬೇ, ಹಾಸಿಗಿ ಬಿಟ್ಟ ಎದ್ದಿಲ್ಲ. ನೀರ ಕುಡದಾನ. ಕೊಡಪಾನದಾಗಿಂದು ತಂಬಿಗಿ ತಂಬಿಗಿ ಕುಡದಾನ. ನೀ ಬಾ."

ಆಗ ದಾಖಲೆಯ ಮಷಿನಿನ ಮರುಸ್ಥಾಪನೆ ಮೂರನೆಯ ಸಲ ನಡೆದಿತ್ತು. ಅದು ತಾನಾಗಿ ಮುಗಿಯಬೇಕು, ಸಂಜೆಯವರೆಗೂ ಬೇಕು. ಬಾಗಿಲು ಹಾಕಿ ಓಡಿದೆ. ಬಸ್ ಸ್ಟ್ಯಾಂಡಿನ ಹೊರಗೆ ಒಂದು ಟ್ರ್ಯಾಕ್ಸ್ ಗಾಡಿ ಗೊತ್ತು ಮಾಡಿಕೊಂಡೆ.

ಕರೋಶಿಯ ಮನೆಯಲ್ಲಿ ದಾದಾ ಗೋಡೆಗೆ ಆನಿಕೊಂಡು, ಸುತ್ತಿಟ್ಟ ಹಾಸಿಗೆಯನ್ನು ಬೆನ್ನಿಗೆ ಕೊಟ್ಟುಕೊಂಡು ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಾದಗಳು ನೀರು ತುಂಬಿ ಹೊಳೆಯುತ್ತಿದ್ದವು. ನನ್ನನ್ನು ನೋಡಿ ಮುಖ ತಿರುಗಿಸಿದ.

"ಯಾಕ ಬಂದಿ? ನಿನ್ನ ಕೆಲಸ ಬಿಟ್ಟು?"

"ನೀ ಯಾಕ ಬರಲಿಲ್ಲ ಹೇಳ ಮೊದಲ."

"ಸಾಹೇಬ ಅಂದಿದ್ದ ನಾ ಕೇಳೇನಿ. ಬಾಗಲಾ ತಗದ ಇತ್ತು." ಉಸಿರು ಎಳೆದುಕೊಂಡ. "ನನ್ನಿಂದ ನಿನಗ ಆ ಮಾತು ಬ್ಯಾಡ. ನಾ ಏನ ಇನ್ನ ಭಾಳ ದಿನ ಬದಕಾಂವ ಅಲ್ಲ. ನಿನ್ನ ನೌಕರಿ ಉಳೀಲಿ. ಅದಕ್ಕ ಒಂದ ಸಲ ಹೊಟ್ಟಿ ತುಂಬ ನೀರ ಕುಡದೆ. ಏನ ಆರಾಮ ಅನಸ್ತ ಗೊತ್ತೈತೇನ?"

ನಾನು ಅತ್ತೆನೋ ಬೈದೆನೋ ನೆನಪಿಲ್ಲ. "ಅರ್ಧಕ್ಕ ಬಿಡಬ್ಯಾಡ ಅಂತ ಹೇಳಿದಾಂವ ನೀ ಅದಿ. ಏಳ," ಎಂದದ್ದು ನೆನಪಿದೆ. ಆಯಿ, ನಾನು, ಟ್ರ್ಯಾಕ್ಸಿನ ಡ್ರೈವರ್ ಮೂವರೂ ಎತ್ತಿ ಕೂರಿಸಿದೆವು. ರಾಯಬಾಗ ದಾಟುವಾಗ ಅವನ ತುಟಿ ನೀಲಿಯಾಗುತ್ತಿತ್ತು. ಹೊಳೆಯ ಸೇತುವೆಯ ಮೇಲೆ ಕೆಳಗೆ ಬರೀ ಉಸುಕು, ಕಲ್ಲು, ಎಮ್ಮೆಗಳ ಹೆಜ್ಜೆ ಗುರುತು. ಆಯಿ ಅವನ ಎದೆಯನ್ನು ತಿಕ್ಕುತ್ತ, ಬುದ್ಧಾ ಬುದ್ಧಾ ಎನ್ನುತ್ತಿದ್ದಳು. ನಾನು ಅವನ ತಲೆಯನ್ನು ಕಿಟಕಿಯ ಗಾಳಿಗೆ ಹಿಡಿದು, ಜೋರಾಗಿ ಹೊಡೀರಿ ಎಂದು ಡ್ರೈವರಿಗೆ ಕೂಗುತ್ತಿದ್ದೆ.

ಮಂಗಲಾ ಮೇಡಂ ಬಾಗಿಲಲ್ಲೇ ನಿಂತಿದ್ದರು. ಒಂದು ಕುರ್ಚಿ ಖಾಲಿ ಮಾಡಿಸಿ ಆಮ್ಲಜನಕ ಹಚ್ಚಿ ಸೂಜಿ ಚುಚ್ಚಿದರು. ರಕ್ತ ನಳಿಕೆಯಲ್ಲಿ ಓಡತೊಡಗಿತು. ಇನ್ನೇನು ಉಸಿರು ಬಿಡಬೇಕು, ಕರೆಂಟು ಹೋಯಿತು. ಜನರೇಟರ್ ಗುಡುಗಿತು, ದೀಪ ಬಂತು, ಆರ್.ಓ. ಮೋಟಾರು ಒಮ್ಮೆ ಕೆಮ್ಮಿತು, ಎಲ್ಲ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಹನ್ನೊಂದೂ ಡಯಾಲಿಸಿಸ್ ಯಂತ್ರಗಳು ಒಟ್ಟಿಗೆ ಕಿರುಚತೊಡಗಿದವು. ಸಿಸ್ಟರುಗಳು ಕೈಯಿಂದಲೇ ರಕ್ತದ ಪಂಪು ತಿರುಗಿಸುತ್ತಿದ್ದರು.

"ಆರ್.ಓ. ನೀರಿನ ತೊಟ್ಟಿ ಖಾಲಿ ಆಗಾಕತ್ತೈತಿ," ಎಂದರು ಮಂಗಲಾ ಮೇಡಂ. "ನೀರ ನಿಂತ್ರ ನನ್ನ ಕೈಯಾಗ ಏನೂ ಇಲ್ಲ ಸುಜಾತಾ."

ಮೆಟ್ಟಿಲು ಹತ್ತಿ ಓಡಿದೆ. ಸರ್ವರ್ ರೂಮಿನ ಎದುರು ಬಶೀರ್ ಮಾಮಾ ನಿಂತಿದ್ದರು, ಸಾಹೇಬರೂ ನಿಂತಿದ್ದರು. ಜನರೇಟರಿನ ಸದ್ದಿಗೆ ಬಂದಿರಬೇಕು.

"ಮಾಮಾ, ಎಸಿ ಬಂದ್ ಮಾಡ್ರಿ."

ಬಶೀರ್ ಮಾಮಾ ಸಾಹೇಬರ ಕಡೆ ನೋಡಿದರು. ನನ್ನ ಕಡೆ ನೋಡಿದರು. "ನನಗ ಆರ್ಡರ್ ಐತ್ರಿ ಮೇಡಂ. ನಾ ಮುಟ್ಟಂಗಿಲ್ಲ," ಎಂದರು. ಎಂದು ಬಾಗಿಲಿನ ಎದುರಿನಿಂದ ಒಂದು ಹೆಜ್ಜೆ ಆಚೆ ಸರಿದರು.

ನಾನು ಒಳಗೆ ಹೋದೆ. ಯುಪಿಎಸ್ ಬ್ಯಾಟರಿಯ ಮೇಲೆ ಯಂತ್ರ ಇನ್ನೂ ನಡೆದಿತ್ತು; ಪರದೆಯ ಮೇಲೆ ಗೆರೆ ಮುಕ್ಕಾಲು ದಾಟಿತ್ತು. ಒಂದು ವಾರದ ನನ್ನ ನಿದ್ದೆ, ಕೂಳು ಎಲ್ಲ ಆ ಗೆರೆಯಲ್ಲಿತ್ತು. ಒಳಡಿಸ್ಕೂ ಸತ್ತರೆ ಆಸ್ಪತ್ರೆಯಲ್ಲಿ ನಡೆಯುವ ಮಷಿನ್ ಒಂದೂ ಉಳಿಯುವುದಿಲ್ಲ. ಉಳಿಸಿಕೊಂಡ ಮೂರು ಮಷಿನುಗಳೂ ಅದರಲ್ಲೇ ಇದ್ದವು.

"ಕೈ ಹಚ್ಚಿದ್ರ ನಾಳಿಂದ ಬರಬ್ಯಾಡ್ರಿ," ಎಂದರು ಸಾಹೇಬರು ಹಿಂದಿನಿಂದ.

"ಆತ್ರಿ ಸರ್," ಎಂದು ಸ್ವಿಚ್ ಆರಿಸಿದೆ.

ಕೆಳಗೆ ಮೋಟಾರು ಹಿಡಿದುಕೊಂಡ ಸದ್ದು ನೆಲದ ಮೂಲಕ ಬಂತು. ಮರುಸ್ಥಾಪನೆಗೆ ಬೇಡವಾದ ಮಷಿನುಗಳನ್ನು ಕ್ರಮವಾಗಿ ನಿಲ್ಲಿಸಿದೆ. ರಕ್ತನಿಧಿ ಮತ್ತು ಲಾಗಿನ್ ಎರಡನ್ನೇ ಚಾಲೂ ಬಿಟ್ಟೆ. ಕಪಾಟಿನ ಬಾಗಿಲು ಕಿತ್ತಿಟ್ಟೆ, ಕಿಟಕಿ ತೆರೆದೆ, ಫ್ಯಾನ್ ಹಚ್ಚಿದೆ. ಸಾಹೇಬರು ಯಾವಾಗ ಹೋದರೋ ನೋಡಲಿಲ್ಲ. ಉಷ್ಣತೆಯ ಅಂಕಿ ಏರತೊಡಗಿತು. ಅದೇ ವಾಸನೆ ಎದ್ದಿತು. ನಾನು ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದರ ಕಬ್ಬಿಣದ ಮೈಗೆ ರಟ್ಟಿನಿಂದ ಗಾಳಿ ಹಾಕುತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ನಿಲ್ಲಲಿಲ್ಲ. ಇದು ಉಳಿಯಲಿ, ಅವನೂ ಉಳಿಯಲಿ. ಎರಡೂ ಆಗದಿದ್ದರೆ ಅವನು ಉಳಿಯಲಿ. ಯಾರನ್ನು ಕೇಳಿಕೊಂಡೆನೋ ತಿಳಿಯದು.

ಕರೆಂಟು ಬಂದಾಗ ಬಿಸಿಲು ಇಳಿದಿತ್ತು. ಗೆರೆ ಕೊನೆ ಮುಟ್ಟಿತ್ತು. ದಾಖಲೆಯ ಮಷಿನನ್ನು ಏಳಿಸಿದೆ. ತಡವರಿಸಿತು, ತನ್ನ ಡಿಸ್ಕನ್ನು ತಾನೇ ಬಹಳ ಹೊತ್ತು ಪರೀಕ್ಷಿಸಿಕೊಂಡಿತು, ಎದ್ದಿತು. ಎದ್ದ ಮೇಲೆ ಕೆಳಗೆ ಹೋಗಲು ಧೈರ್ಯವಾಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಯಿಯೇ ಹತ್ತಿ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಮಕ್ಕೊಂಡಾನ. ಅಡ್ಡ ಮಕ್ಕೊಂಡಾನ," ಎಂದಳು. ಅಡ್ಡ ಮಲಗಿದ್ದಾನೆ ಎಂದರೆ ಉಸಿರು ಬಂದಿದೆ ಎಂದರ್ಥ.

ಮರುದಿನದಿಂದ ಬರಬೇಡಿ ಎಂದವರು ಮರುದಿನ ಏನೂ ಹೇಳಲಿಲ್ಲ. ಆ ಯಂತ್ರ ನಡೆಸಲು ಬೇರೆ ಯಾರೂ ಇರಲಿಲ್ಲ. ದೊಡ್ಡ ಜನರೇಟರ್ ಮೀರಜಿನಿಂದ ಬಂತು. ಎರಡನೆಯ ದೊಡ್ಡ ಯಂತ್ರವೂ ಬಂತು, ಬ್ಯಾಕಪ್ಪಿನ ಪೆಟ್ಟಿಗೆಯೂ ಬಂತು. ಎಲ್ಲವನ್ನೂ ಸರಿಯಾಗಿ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಮಷಿನುಗಳು ತಾವಾಗಿ ದಾಟುವುದನ್ನು ಎಲ್ಲರೆದುರು ತೋರಿಸಿಕೊಟ್ಟೆ. ವರ್ಷದ ಕೊನೆಗೆ ನನ್ನ ಕರಾರು ಮುಂದುವರಿಯುವುದಿಲ್ಲ ಎಂದರು. ನಾನು ಕಾರಣ ಕೇಳಲಿಲ್ಲ. ದಾದಾ ಮತ್ತೆ ಎರಡು ಮಳೆಗಾಲ ನೋಡಿದ. ಮೂರನೆಯದರ ಮುಂಚೆ, ಕರೋಶಿಯ ಮನೆಯಲ್ಲಿ, ಹೃದಯ ನಿಂತು ಹೋದ. ನಾನು ಹತ್ತಿರವಿರಲಿಲ್ಲ.

ಆದರೆ ಆ ಬರಗಾಲದ ವರ್ಷದ ಮಾತಿನ್ನೂ ಒಂದಿದೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಗಿ ಹೊಳೆಗೆ ಕೆಂಪು ನೀರು ಬಂದಿತ್ತು. ಒಂದು ಮಂಗಳವಾರ, ಪೂರ್ತಿ ನಾಲ್ಕು ತಾಸಿನ ಡಯಾಲಿಸಿಸ್ ಮುಗಿಸಿ ದಾದಾ ನನ್ನ ರೂಮಿಗೆ ಬಂದು ಕೂತ. ಮುಖದ ಊತ ಇಳಿದಿತ್ತು. ಕೇಳಿದ:

"ಖರೇ ಹೇಳ ಸುಜಿ. ಅವತ್ತ ಎಸಿ ಬಂದ್ ಮಾಡಿದ್ದು ಆ ಹನ್ನೊಂದ ಮಂದಿ ಸಲುವಾಗೋ, ನನ್ನ ಸಲುವಾಗೋ?"

ಯಾರು ಕೇಳಿದರೂ ಹನ್ನೊಂದು ಮಂದಿ ಎನ್ನುತ್ತ ಬಂದಿದ್ದೆ. ಸಾಹೇಬರಿಗೆ, ಮಂಗಲಾ ಮೇಡಂಗೆ, ನನಗೆ ನಾನೇ.

"ನಿನ್ನ ಸಲುವಾಗಿ," ಎಂದೆ.

ದಾದಾ ಬಾಗಿಲ ಕಡೆ ಒಮ್ಮೆ ನೋಡಿದ. ಹೊರಗೆ ಬೆಂಚಿನ ಮೇಲೆ ಅವನ ಪಾಳಿಯವರು ಬಸ್ಸಿಗೆ ಕಾಯುತ್ತ ಕೂತಿದ್ದರು. ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದ:

"ಉಳದ ಹತ್ತು ಮಂದಿಗೆ ಹೇಳಬ್ಯಾಡ."